ಕಾತ್ರಿನ್ ಕೇಸಿನಲ್ಲಿ ನನ್ನ ಸಾಕ್ಷಿ

ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿದ್ದ ಕಾಲವದು. ಡ್ರೆಸ್ಡೆನ್‌ನಲ್ಲಿ ಮೂಳೆತಜ್ಞನಾಗಿ ನನ್ನದೇ ಕ್ಲಿನಿಕ್ ನಡೆಸುತ್ತಿದ್ದೆ. ಕೆಳಗಿನ ಮಹಡಿಯಲ್ಲಿ ಕಾತ್ರಿನ್ ಎಂಬ ಜರ್ಮನ್ ಹೆಂಗಸು ಕೈರೋಪ್ರಾಕ್ಟರ್ ಆಗಿದ್ದಳು. ಔಷಧವಿಲ್ಲದೆ, ಕೈಯಿಂದಲೇ ಬೆನ್ನು ಕುತ್ತಿಗೆಗಳ ಕೀಲು ಸಡಿಲಿಸಿ ನೋವು ಕಳೆಯುವ ವಿದ್ಯೆ ಅದು. ಡೆನ್ಮಾರ್ಕಿನ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದಳು. ಮಧ್ಯಾಹ್ನ ಮೇಲೆ ಬಂದು ನನ್ನೊಂದಿಗೆ ಕಾಫಿ ಕುಡಿಯುವುದು, ನನ್ನ ಹೆಂಡತಿ ಗಿರಿಜಾ ಮಾಡಿದ ಶೇಂಗಾ ಚಟ್ನಿಪುಡಿಯನ್ನು ಬೆಣ್ಣೆ ಸವರಿದ ಬ್ರೆಡ್ಡಿಗೆ ಉದುರಿಸಿಕೊಂಡು ತಿನ್ನುವುದು ಆಕೆಯ ರೂಢಿ.

ಜರ್ಮನಿಯಲ್ಲಿ ಆ ಪದವಿಯೊಂದೇ ಸಾಲದು. ವೈದ್ಯರಲ್ಲದವರು ಚಿಕಿತ್ಸೆ ಕೊಡಲು ಆರೋಗ್ಯ ಕಚೇರಿಯ ಪರೀಕ್ಷೆ ಪಾಸಾಗಿ 'ಹೈಲ್‌ಪ್ರಾಕ್ಟಿಕರ್' ಅನುಮತಿ ಪಡೆಯಬೇಕು. ಕಾತ್ರಿನ್ ಪಡೆದಿರಲಿಲ್ಲ. ತನ್ನದು ವೈದ್ಯಕೀಯವೇ ಅಲ್ಲ, ಬೇರೆಯೇ ವಿದ್ಯೆ ಎಂಬುದು ಆಕೆಯ ವಾದ. ಊರಿನ ಕೆಲವು ವೈದ್ಯರು ದೂರು ಕೊಟ್ಟರು. ಕಚೇರಿ ಆಕೆಯ ಕ್ಲಿನಿಕ್ ಮುಚ್ಚಿಸಿತು. ಆಕೆ ಆಡಳಿತ ನ್ಯಾಯಾಲಯಕ್ಕೆ ಹೋದಳು. ಸಾಕ್ಷಿಯಾಗಿ ನನ್ನ ಹೆಸರನ್ನೇ ಕೊಟ್ಟಳು.

ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಟೈ ಕಟ್ಟುತ್ತಿದ್ದಾಗ ಗಿರಿಜಾ ಹೇಳಿದಳು, "ಸುಳ್ಳ ಹೇಳಬ್ಯಾಡ್ರಿ. ಆದ್ರ ಆಕೀ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ." ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ನನಗೆ ಹೊಳೆದಿರಲಿಲ್ಲ.

ನ್ಯಾಯಾಧೀಶೆಯ ಪ್ರಶ್ನೆ ಚಿಕ್ಕದಿತ್ತು. "ಕುತ್ತಿಗೆಯ ಕೀಲನ್ನು ಥಟ್ಟನೆ ತಿರುಗಿಸಲು ವೈದ್ಯಕೀಯ ಜ್ಞಾನ ಬೇಕೆ?"

"ಬೇಕು. ತಪ್ಪಿದರೆ ಮಿದುಳಿಗೆ ರಕ್ತ ಒಯ್ಯುವ ನಾಳಕ್ಕೆ ಪೆಟ್ಟಾಗಬಹುದು."

ತನ್ನದು ವೈದ್ಯಕೀಯವಲ್ಲ ಎಂಬ ಆಕೆಯ ವಾದ ಅಲ್ಲಿಗೇ ಬಿದ್ದುಹೋಯಿತು. ಕಾತ್ರಿನ್ ತಲೆ ತಗ್ಗಿಸಿದಳು. "ಇನ್ನು ನೀವು ಹೋಗಬಹುದು" ಎಂದರು ನ್ಯಾಯಾಧೀಶೆ. ನಾನು ಜಾಗ ಬಿಟ್ಟು ಕದಲಲಿಲ್ಲ.

"ಇನ್ನೊಂದು ಮಾತಿದೆ" ಎಂದೆ. ಒಮ್ಮೆ ಒಬ್ಬ ಮುದುಕರು ಕುತ್ತಿಗೆ ಹಿಡಿದಿದೆಯೆಂದು ಈಕೆಯ ಬಳಿ ಬಂದಿದ್ದರು. ಅವರ ಕೈಯ ಹಿಡಿತ ಸಡಿಲವಾಗಿದ್ದನ್ನು ಕಂಡು ಈಕೆ ಕುತ್ತಿಗೆ ಮುಟ್ಟದೆ, ತೋಳು ಹಿಡಿದು ಮೆಟ್ಟಿಲು ಹತ್ತಿಸಿ ನನ್ನಲ್ಲಿಗೆ ಕರೆತಂದಳು. ಸ್ಕ್ಯಾನ್‌ನಲ್ಲಿ ಬೆನ್ನುಹುರಿ ಅದುಮಿಹೋಗಿದ್ದು ಕಂಡಿತು. ಆಪರೇಷನ್ ಆಗಿ ಅವರು ನಡೆದುಕೊಂಡೇ ಮನೆಗೆ ಹೋದರು. "ಈ ಜ್ಞಾನ ಬೇಕೆಂದು ಹೇಳಿದೆನಲ್ಲ, ಅದು ಈಕೆಗಿದೆ."

ಅನುಮತಿ ಇಲ್ಲದೆ ಚಿಕಿತ್ಸೆ ಕೊಡುವಂತಿಲ್ಲ ಎಂದೇ ತೀರ್ಪು ಬಂತು. ಆದರೆ ಆಕೆಯ ಓದು, ಅನುಭವ ನೋಡಿ, ಪೂರ್ತಿ ಪರೀಕ್ಷೆಯ ಬದಲು ತನ್ನ ಕ್ಷೇತ್ರಕ್ಕಷ್ಟೇ ಸೀಮಿತವಾದ ಪರೀಕ್ಷೆ ಸಾಕೆಂದರು. ಕಾತ್ರಿನ್ ನನ್ನ ಮುಖ ನೋಡದೆ ಹೊರಟುಹೋದಳು. ಅನೇಕ ದಿನ ನಾನೊಬ್ಬನೇ ಕಾಫಿ ಕುಡಿದೆ, ರುಚಿಸಲಿಲ್ಲ.

ಒಂದು ಮಧ್ಯಾಹ್ನ ಬಾಗಿಲು ತಳ್ಳಿಕೊಂಡು ಬಂದಳು. ಕಂಕುಳಲ್ಲಿ ದಪ್ಪ ಪುಸ್ತಕಗಳು. "ನಿನ್ನಿಂದ ಸೋತೆ. ಈಗ ನೀನೇ ಓದಿಸು."

ಆ ಚಳಿಗಾಲವೆಲ್ಲ ನಮ್ಮ ಕಾಫಿಯ ಹೊತ್ತು ಪಾಠದ ಹೊತ್ತಾಯಿತು. ಯಾವ ರೋಗಿಯನ್ನು ಮುಟ್ಟಬಾರದು, ಯಾರನ್ನು ತಕ್ಷಣ ಆಸ್ಪತ್ರೆಗೆ ಕಳಿಸಬೇಕು ಎಂದು ನಾನು ಕೇಳುವುದು. ಆಕೆ ಉತ್ತರಿಸುವುದು, ಕೆಲವೊಮ್ಮೆ ನನ್ನನ್ನೇ ತಿದ್ದುವುದು. ಪಾಸಾದ ದಿನ ಮೆಟ್ಟಿಲ ಕೆಳಗಿನಿಂದಲೇ ನನ್ನ ಹೆಸರು ಹಿಡಿದು ಕೂಗಿದಳು. ನನ್ನ ರೋಗಿಗಳೆಲ್ಲ ಬೆಚ್ಚಿಬಿದ್ದರು.

ಈಗ ನಾನು ನಿವೃತ್ತ. ನಾನು ಕೂತ ಟ್ರಾಮ್ ಆ ಕಟ್ಟಡದ ಮುಂದೆ ಹಾದುಹೋದರೆ ಕಣ್ಣು ಕಿಟಕಿಗಳತ್ತ ಹೊರಳುತ್ತದೆ. ನ್ಯಾಯಾಲಯಕ್ಕೆ ಒಂದು ಪ್ರಶ್ನೆಗೆ ಒಂದು ಉತ್ತರ ಸಾಕು. ಮನುಷ್ಯರ ನಿಜ ಅಷ್ಟರಲ್ಲಿ ಮುಗಿಯುವುದಿಲ್ಲ. ಕೇಳಿದ್ದಕ್ಕೆ ಉತ್ತರಿಸಿದ ಮೇಲೂ, ಕೇಳದೇ ಉಳಿದದ್ದನ್ನು ಹೇಳುವವರೆಗೆ ಜಾಗ ಬಿಟ್ಟು ಕದಲಬಾರದು. ಇಷ್ಟು ವರ್ಷದ ವೃತ್ತಿ ನನಗೆ ಕಲಿಸಿದ್ದು ಇದನ್ನೇ.