ಕೆಂಚಪ್ಪನ ಗಡ್ಡ, ಮೇಷ್ಟ್ರ ಗೇಟಿನ ಚೀಲ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ತಿಂಗಳು, ಗೋವಿಂದರಾಜನಗರದಲ್ಲಿ ಒಂದು ಹಿಟ್ಟಿನ ರಾಜ್ಯವಿತ್ತು. ಪಂಕಜಾ ಅದರ ರಾಣಿ. ರಾತ್ರಿಯಿಡೀ ಗ್ರೈಂಡರು ಗುಡುಗುತ್ತಿತ್ತು, ಬೆಳಗಾಗುವುದರೊಳಗೆ ದೋಸೆಹಿಟ್ಟು ಉಬ್ಬುತ್ತಿತ್ತು. ಒಂದು ದಿನ ಕಾಣದೂರಿನ ಕಳ್ಳನೊಬ್ಬ ಬಂದ. ಹಿಟ್ಟು ಮುಟ್ಟಲಿಲ್ಲ, ರಾಣಿಯ ಹೆಸರನ್ನೇ ಹೊತ್ತುಕೊಂಡು ಹೋದ.

ಆ ಹೆಸರನ್ನು ಮನೆಮನೆಯಿಂದ ವಾಪಸ್ ತರುತ್ತಿರುವವರು ಕೆಂಚಪ್ಪ. ಬೆಳಕು ಹರಿಯುವ ಹೊತ್ತಿಗೆ ಅವರ ಮೊಪೆಡ್ ಕೆಮ್ಮುತ್ತಾ ಬಸವೇಶ್ವರನಗರ ಸೇರುತ್ತದೆ. ಹಿಂದೆ ಹಿಟ್ಟಿನ ಪೊಟ್ಟಣಗಳು, ಮುಖದಲ್ಲಿ ಋಷಿಯ ಗಡ್ಡ, ಕಣ್ಣು ಮಾತ್ರ ಗೇಟುಗಳ ಮೇಲೆ. ಹಿಟ್ಟು ಬೇಕಾದವರು ಗೇಟಿಗೆ ಬಟ್ಟೆಚೀಲ ತೂಗುಹಾಕುವುದು ಇಲ್ಲಿನ ವಾಡಿಕೆ. ಶ್ರೀಗಂಧದ ಕಾವಲು ಬಡಾವಣೆಯ ಕೆಂಚಪ್ಪ ಮೊದಲು ಪೇಪರ್ ಹಾಕುತ್ತಿದ್ದವರು. ಈ ಬೀದಿಗಳ ನಾಯಿಗಳೂ ಅವರನ್ನು ಕಂಡರೆ ಎದ್ದು ನಿಲ್ಲುತ್ತವೆ.

ಕಳ್ಳ ಬಂದ ದಿನ ಪಂಕಜಾ ಗ್ಯಾಸ್ ಸಿಲಿಂಡರಿಗೆ ಕಾಯುತ್ತಿದ್ದರು. ಫೋನು ಬಂತು: "ಮೇಡಂ, ಓಟಿಪಿ ಬಂದಿರತ್ತೆ, ಹೇಳಿ." ಕೈತುಂಬ ಹಿಟ್ಟು, ಓದಿ ಹೇಳಿಬಿಟ್ಟರು. "ಹೇಳದಿದ್ರೆ ಗ್ಯಾಸ್ ಇಳಿಸಲ್ವಲ್ಲಾ!" ಎಂದು ಈಗಲೂ ಪೆಚ್ಚಾಗುತ್ತಾರೆ. ಸಿಲಿಂಡರ್ ಬರಲಿಲ್ಲ, ಹಿಟ್ಟಿನ ಕಂಪನಿಯ ಫೇಸ್‌ಬುಕ್ ಪೇಜು ಕಳ್ಳನ ಕೈಗೆ ಹೋಯಿತು.

ಸಂಜೆಯೊಳಗೆ ಇಡ್ಲಿಯ ಫೋಟೋ ಇದ್ದ ಜಾಗದಲ್ಲಿ ಕೆಂಪು ಕಾರಿಗೆ ಒರಗಿದ ಚೆಲುವೆ. ಕೆಳಗೆ, "ದುಡ್ಡು ಹಾಕಿ, ರಾತ್ರೋರಾತ್ರಿ ಎರಡರಷ್ಟು!" "ಹಿಟ್ಟು ಉಬ್ಬೋದು ಗೊತ್ತಿತ್ತು, ದುಡ್ಡೂ ಉಬ್ಬತ್ತಾ ಆಂಟಿ?" ಎಂದು ಜನ ನಕ್ಕರು. ನಗದವರು ಚೀಲ ತೆಗೆದರು. ಗೇಟುಗಳು ಬೋಳಾದವು, ಗ್ರೈಂಡರ್ ಮಾರುವ ಮಾತೂ ಬಂತು.

"ಗ್ರೈಂಡರ್ ಹೋದ್ರೆ ನನ್ನ ಕೆಲಸಾನೂ ಹೋದಂಗೇ," ಎನ್ನುತ್ತಾರೆ ಕೆಂಚಪ್ಪ. "ಅದಕ್ಕೇ ಮಾತು ಕೊಟ್ಟೆ. ಅಕ್ಕಾ, ಹೋದ ಚೀಲ ಎಲ್ಲಾ ವಾಪಸ್ ತೂಗುಹಾಕಿಸ್ತೀನಿ, ಅಲ್ಲೀವರ್ಗೂ ಗಡ್ಡ ತೆಗ್ಸಲ್ಲ ಅಂತ."

ಬೈಗುಳ ತಿಂದು, ಕೈಮುಗಿದು, ಗೇಟು ಗೇಟಿಗೂ ಕಥೆ ಹೇಳಿ ಚೀಲಗಳನ್ನು ಗೆದ್ದಿದ್ದಾರೆ. ಇನ್ನು ಉಳಿದಿರುವುದು ನಿವೃತ್ತ ಮೇಷ್ಟ್ರು ಜಗನ್ನಾಥರ ಗೇಟು ಒಂದೇ. ಅವರು "ನಾಳೆ ಒಂದು ಕೆಜಿ ಜಾಸ್ತಿ" ಎಂದು ಪೇಜಿಗೆ ಬರೆದಿದ್ದಕ್ಕೆ ಬಂದ ಉತ್ತರ: "ಹಾಯ್ ಡಿಯರ್, ಒಂಟಿಯಾಗಿದ್ದೀಯಾ?" ಆಗ ಫೋನು ಇದ್ದದ್ದು ಹೆಂಡತಿ ರಾಗಿಣಿಯವರ ಕೈಯಲ್ಲಿ. ಅಂದಿನಿಂದ ಮೇಷ್ಟ್ರಿಗೆ ದಿನಾ ಉಪ್ಪಿಟ್ಟು.

ಇವತ್ತು ರಾಗಿಣಿ ರಂಗೋಲಿ ಬಟ್ಟಲು ಹಿಡಿದೇ ಗೇಟಿಗೆ ಬರುತ್ತಾರೆ. "ಮೊದ್ಲು ಆ ಕಾರಿನವಳು ಯಾರು ಹೇಳಪ್ಪಾ."

"ನಮ್ಮೋಳಲ್ಲಮ್ಮಾ. ಕಂಪನೀಲಿ ಇರೋದು ಪಂಕಜಕ್ಕ, ನಾನು, ಗ್ರೈಂಡರು. ಮೂವರಲ್ಲಿ ಯಾರೂ ಡಿಯರ್ ಅನ್ನಲ್ಲ."

"ನಾನೂ ಅದನ್ನೇ ಬಡ್ಕೋತಾ ಇದೀನಿ ಕಣೇ!" ಕಿಟಕಿಯಿಂದ ಮೇಷ್ಟ್ರು.

"ನೀವು ಸುಮ್ನಿರಿ!"

ಕೆಂಚಪ್ಪ ಮತ್ತೆ ಕೈಮುಗಿಯುತ್ತಾರೆ. "ಹೋಗ್ಲಿ, ಅವಳನ್ನೇ ಕೇಳ್ಬಿಡಿ ಅಮ್ಮಾ. ಪೇಜು ಇನ್ನೂ ಅವಳ ಕೈಲೇ ಇದೆ," ಎನ್ನುತ್ತಾರೆ, ಸೋತ ದನಿಯಲ್ಲಿ.

ರಾಗಿಣಿ ಹಟದಿಂದ ತಮ್ಮ ಫೋನಿನಲ್ಲಿ ಒತ್ತುತ್ತಾರೆ: "ಯಾರೇ ನೀನು?" ತಕ್ಷಣ ಟಿಣ್ ಎನ್ನುತ್ತದೆ: "ಹಾಯ್ ಡಿಯರ್, ಒಂಟಿಯಾಗಿದ್ದೀಯಾ?"

ಇನ್ನೊಂದು ಸಲ ಓದಿಕೊಳ್ಳುತ್ತಾರೆ. ಆಮೇಲೆ ನಕ್ಕ ನಗುವಿಗೆ ರಂಗೋಲಿಪುಡಿಯೆಲ್ಲ ಕೆಂಚಪ್ಪನ ಗಡ್ಡದ ಮೇಲೆ. "ಮದುವೆಯಾಗಿ ನಲವತ್ತು ವರ್ಷ ಆಯ್ತು, ಈ ಮನುಷ್ಯ ಒಂದಿನ ಡಿಯರ್ ಅಂದಿಲ್ಲ. ಕಳ್ಳನಾದ್ರೂ ಅಂದ ನೋಡಪ್ಪಾ!"

ಒಳಗೆ ಹೋಗಿ ಚೀಲ ತಂದು ಚಾಚುತ್ತಾರೆ. ಕೆಂಚಪ್ಪ ಹಿಂದೆ ಸರಿಯುತ್ತಾರೆ.

"ಕೈಗೆ ಬೇಡಮ್ಮಾ, ಗೇಟಿಗೇ ಹಾಕಿ. ಮಾತು ಕೊಟ್ಟಿದೀನಿ."

ಇನ್ನೇನಾಸೆ ಕೆಂಚಪ್ಪಾ ಎಂದು ರಾಗಿಣಿ ಕೇಳಿದರೆ ಗಡ್ಡ ಪರಪರ ಕೆರೆದುಕೊಳ್ಳುತ್ತಾರೆ. "ಕಟಿಂಗ್ ಶಾಪಿನವನು ಬೇಗ ಬಾಗಿಲು ತೆಗೀಲಿ, ಅಷ್ಟೇ."

ರಾಗಿಣಿ ಚೀಲ ತೂಗುಹಾಕುತ್ತಾರೆ. ಕೆಂಚಪ್ಪ ಅದರೊಳಗೆ ಹಿಟ್ಟು ಇಳಿಸುತ್ತಾರೆ.