ಮಾವನವರ ಅಂಬಾಸಿಡರ್‌ಗೆ ನಾವು ಪೇಂಟ್ ಹೊಡೆಸಲಿಲ್ಲ

ಪೇಂಟರ್ ಆಗಲೇ ಡಿಕ್ಕಿಯ ಮೇಲೆ ಸ್ಯಾಂಡ್‌ಪೇಪರ್ ಉಜ್ಜುತ್ತಿದ್ದ. ಅಂಗೈಯಗಲ ಬಣ್ಣ ಹೋಗಿ ತಗಡು ಕಾಣಿಸುವ ಹೊತ್ತಿಗೆ ನಮ್ಮ ಅತ್ತೆ ಗೌರಮ್ಮ ಕೋಲೂರಿಕೊಂಡು ಮಿಲ್ಲಿನ ಅಂಗಳಕ್ಕೆ ಬಂದರು.

ಆದೋನಿಯಲ್ಲಿ ನಮ್ಮದೊಂದು ಹಳೆಯ ಹತ್ತಿ ಮಿಲ್ಲು ಇದೆ. ಅದು ನಿಂತು ಬಹಳ ವರ್ಷವಾಯಿತು. ಈ ಬೇಸಿಗೆಯಲ್ಲಿ ಹಿಂದಿನ ಗೋದಾಮನ್ನು ಬಾಡಿಗೆಗೆ ಕೊಡೋಣವೆಂದು ಖಾಲಿ ಮಾಡಿಸಿದಾಗ, ಗೋಣಿಚೀಲಗಳ ರಾಶಿಯ ಹಿಂದೆ ಈ ಅಂಬಾಸಿಡರ್ ಸಿಕ್ಕಿತ್ತು.

ತೀರಿಹೋದ ನಮ್ಮ ಮಾವನವರ ಕಾರು. ಮೈತುಂಬ ಧೂಳು, ಅದರ ಮೇಲೆ ಹತ್ತಿಯ ಎಳೆ, ಇಂಜಿನ್ನಿನೊಳಗೆ ಇಲಿಯ ಗೂಡು. ಆದರೆ ನಮ್ಮ ಕಡೆಯ ಒಣ ಹವೆಗೋ ಏನೋ, ತುಕ್ಕು ಅಷ್ಟಾಗಿ ಹಿಡಿದಿರಲಿಲ್ಲ.

ನನ್ನ ಗಂಡ ಬಸವರಾಜನಿಗೆ ಅಂದಿನಿಂದ ಒಂದೇ ಕನಸು. ಅವನ ತಂಗಿಯ ಮಗನ ಮದುವೆಗೆ ಇದೇ ಕಾರು, ಮರೂನ್ ಬಣ್ಣ, ಹೊಸ ಸೀಟು, ಒಳಗೆ ಎ.ಸಿ. ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಯೂ ಆಗಿತ್ತು.

ನನಗೆ ಯಾಕೋ ಮನಸ್ಸಿರಲಿಲ್ಲ. ಮಾಸಿದ ಆ ಕೆನೆಬಣ್ಣವೇ ಚೆಂದ ಕಾಣುತ್ತಿತ್ತು. ಒಮ್ಮೆ ಉಜ್ಜಿದರೆ ಮತ್ತೆ ಬರುವುದಿಲ್ಲ ಎಂದು ಎರಡು ಸಲ ಹೇಳಿ ನೋಡಿದೆ.

"ನಿನಗ ತಿಳ್ಯಂಗಿಲ್ಲ ಸುಮ್ಕಿರು. ಮಂದಿ ನಗ್ತಾರ" ಅಂದ. ಪೇಂಟರನನ್ನೂ ಕರೆಸಿಬಿಟ್ಟ.

ಅತ್ತೆ ಬಂದವರೇ ಕಾರಿನ ಸುತ್ತ ನಿಧಾನವಾಗಿ ನಡೆದರು. ಡ್ರೈವರ್ ಬಾಗಿಲ ಹತ್ತಿರ ನಿಂತರು.

ಆ ಬಾಗಿಲ ಹೊರಗೆ, ಕಿಟಕಿಯ ಕೆಳಗೆ, ಬಣ್ಣದ ತುಂಬ ಸಣ್ಣ ಸಣ್ಣ ಗೀರುಗಳಿದ್ದವು. ತೊಳೆಯುವಾಗ ನಾನೂ ನೋಡಿದ್ದೆ. ಬೆಕ್ಕು ಪರಚಿರಬೇಕು ಎಂದು ಪೇಂಟರ್ ಹೇಳಿದ್ದ.

"ಇದ್ನೂ ಉಜ್ಜತೀರೇನಪ್ಪ?" ಅತ್ತೆ ಕೇಳಿದರು.

"ಅದನ್ನ ಮೊದ್ಲು ಉಜ್ಜಬೇಕವ್ವ. ಎಷ್ಟು ಗೀರು ಬಿದ್ದಾವ ನೋಡು" ಅಂದ ಬಸವರಾಜ.

"ಅವು ನನ್ನ ಕೈಬಳಿ ಗೀರು."

ಯಾರಿಗೂ ಅರ್ಥವಾಗಲಿಲ್ಲ. ಪೇಂಟರ್ ಕೈ ನಿಲ್ಲಿಸಿದ.

ಅತ್ತೆ ಬಾಗಿಲು ತೆಗೆಸಿ, ನನ್ನ ಭುಜ ಹಿಡಿದು ಸ್ಟೇರಿಂಗ್ ಮುಂದೆ ಕೂತರು. ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿದರು. ಮೊದಲು ನೇರವಾಗಿ, ಆಮೇಲೆ ಮೇಲೆ ಕೆಳಗೆ ಆಡಿಸುತ್ತ.

ಬಳೆಗಳು ಸರಿಯಾಗಿ ಆ ಗೀರುಗಳ ಮೇಲೇ ಬಂದು ತಾಗಿದವು.

"ಆವಾಗ ಈಗಿನಂಗ ಲೈಟ್ ಹಾಕಿ ತೋರ್ಸತಿದ್ದಿಲ್ಲವ್ವ. ತಿರುಗಬೇಕಂದ್ರ, ನಿಲ್ಲಬೇಕಂದ್ರ ಕೈಯೇ ತೋರ್ಸಬೇಕು" ಎಂದು ನನಗೆ ಹೇಳಿದರು.

ಈ ಮನೆಗೆ ಬಂದು ಇಪ್ಪತ್ತು ವರ್ಷವಾದರೂ ಅತ್ತೆ ಕಾರು ಓಡಿಸುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಗೊತ್ತಿರಲಿಲ್ಲ.

ಅವರ ಮದುವೆಯಾದ ಹೊಸತು. ಹತ್ತಿ ಖರೀದಿಯ ಹೊತ್ತಿನಲ್ಲೇ ಮಾವನವರು ಬಿದ್ದು ಎಡಗಾಲು ಮುರಿದುಕೊಂಡರಂತೆ. ಕಾರು ನಡೆಸುವವರು ಮನೆಯಲ್ಲಿ ಇನ್ಯಾರೂ ಇಲ್ಲ. ಕಾಲಿಗೆ ಕಟ್ಟು ಹಾಕಿಸಿಕೊಂಡು ಪಕ್ಕದ ಸೀಟಿನಲ್ಲಿ ಕೂತು, ಇದೇ ಅಂಗಳದಲ್ಲಿ ಹೆಂಡತಿಗೆ ಕಲಿಸಿದರು.

"ಕ್ಲಚ್ ಬಿಟ್ಟಾಗೆಲ್ಲ ಕುದ್ರಿಯಂಗ ಜಿಗೀತಿತ್ತು. ಅವರು ಕಾಲು ಹಿಡ್ಕಂಡು ಒದರತಿದ್ರು" ಎಂದು ಅತ್ತೆ ನಕ್ಕರು.

ಕಾಲು ವಾಸಿಯಾದ ಮೇಲೂ ಮೂರ್ನಾಲ್ಕು ಸುಗ್ಗಿ ಅತ್ತೆಯೇ ಓಡಿಸಿದರಂತೆ. ಪೆದ್ದಹರಿವಾಣಂ, ಕೋಸಗಿ, ಎಲ್ಲೆಲ್ಲಿ ಹತ್ತಿ ಇತ್ತೋ ಅಲ್ಲಿಗೆಲ್ಲ. ಆಮೇಲೆ ಮಕ್ಕಳಾದವು, ಡ್ರೈವರ್ ಬಂದ.

"ಮತ್ತ ನಮಗ್ಯಾಕ ಹೇಳ್ಲಿಲ್ಲ?" ಬಸವರಾಜನ ಧ್ವನಿ ಸಣ್ಣದಾಗಿತ್ತು.

"ನೀವು ಕೇಳಿದ್ದಿಲ್ಲಲ್ಲೋ."

ಅವನು ಸ್ವಲ್ಪ ಹೊತ್ತು ಆ ಗೀರುಗಳ ಮೇಲೆ ಬೆರಳಾಡಿಸುತ್ತ ನಿಂತ. ಆಮೇಲೆ ಪೇಂಟರನ ಕಡೆ ತಿರುಗಿ, "ಚಾ ಕುಡ್ದು ಹೋಗಪ್ಪ. ಪೇಂಟ್ ಬ್ಯಾಡ" ಅಂದ.

ಮರುದಿನ ಮೆಕ್ಯಾನಿಕ್ ಖಾದರ್ ಭಾಯ್ ಬಂದರು. ಓಡಲು ಬೇಕಾದದ್ದನ್ನು ಮಾತ್ರ ಹೊಸದು ಹಾಕಿ, ಉಳಿದದ್ದನ್ನು ಮುಟ್ಟಬೇಡಿ ಎಂದು ನಾನೇ ಹೇಳಿದೆ. "ಬಹುತ್ ಅಚ್ಛಾ ಅಮ್ಮ, ಮೈ ಮುಟ್ಟಂಗಿಲ್ಲ, ಜೀವ ಅಷ್ಟೇ ತರಸ್ತೀನಿ" ಅಂದರು.

ಟೈರು, ಬ್ರೇಕು, ಪೈಪುಗಳು ಹೊಸವು ಬಂದವು. ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆದರು. ಇಂಜಿನ್ನಿಗೆ ಎಣ್ಣೆ ಬಿಟ್ಟು ನೆನೆಹಾಕಿ, ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ಸಡಿಲ ಮಾಡಿದರು.

ಹರಿದ ಸೀಟನ್ನು ನಾನೇ ದಪ್ಪ ದಾರದಲ್ಲಿ ಹೊಲಿದೆ. ತುಕ್ಕಿದ್ದ ಕಡೆ ತೆಳ್ಳಗೆ ಎಣ್ಣೆ ಸವರಿದೆವು. ಡಿಕ್ಕಿಯ ಮೇಲೆ ಬಣ್ಣ ಹೋದ ಜಾಗವನ್ನೂ ಹಾಗೇ ಬಿಟ್ಟೆವು... ಅದು ನಮ್ಮ ಕಾಲದ ಗುರುತು ಅಂತ ಇರಲಿ.

ಸ್ಟಾರ್ಟ್ ಆದ ದಿನ ಅಂಗಳದ ತುಂಬ ಹೊಗೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಣ್ಣಲ್ಲಿ ನಗುತ್ತಿದ್ದರು.

ತಂಗಿಯ ಮಗನ ಮದುವೆಗೆ ಬೇರೆ ಕಾರು ಬಂತು. ಬಸವರಾಜನಿಗೆ ಸ್ವಲ್ಪ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ. ಬಜಾರಿನಲ್ಲಿ ಇವತ್ತಿಗೂ "ಪೇಂಟ್ ಯಾವಾಗ ರೀ?" ಎಂದು ಕೇಳುತ್ತಾರೆ.

ಹೋದ ಭಾನುವಾರ ಮೂವರೂ ಅದರಲ್ಲೇ ಪೆದ್ದಹರಿವಾಣಂಗೆ ಹೋದೆವು. ಬಸವರಾಜ ಓಡಿಸುತ್ತಿದ್ದಾನೆ, ಅತ್ತೆ ಮತ್ತು ನಾನು ಹಿಂದೆ. ಊರೊಳಗೆ ಒಂದು ತಿರುವಿನಲ್ಲಿ ಕುರಿಗಳು ಅಡ್ಡ ಬಂದು ನಿಲ್ಲಬೇಕಾಯಿತು.

ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಕಾರನ್ನೇ ನೋಡುತ್ತಿದ್ದಾಳೆ. ಎದ್ದು ಬಂದು, ಡ್ರೈವರ್ ಕಿಟಕಿಯಲ್ಲಿ ಬಗ್ಗಿ, ಬಸವರಾಜನ ಮುಖವನ್ನು ಅನುಮಾನದಿಂದ ನೋಡಿದಳು.

"ನೀ ಯಾರಪ್ಪ? ಇದು ಗೌರಮ್ಮನ ಬಂಡಿ ಐತಲ್ಲ. ಆಕಿ ಎಲ್ಲಿ ಅದಾಳ?"

ನಾವೆಲ್ಲ ಇಷ್ಟು ವರ್ಷ ಅದನ್ನು ಮಾವನವರ ಕಾರು ಎನ್ನುತ್ತಿದ್ದೆವು.

ಹಿಂದಿನ ಸೀಟಿನಿಂದ ಅತ್ತೆ, "ಇಲ್ಲೇ ಅದೀನಿ ಬಾರೇ" ಅಂದರು. ಆಮೇಲೆ ನಾನೂ ಬಸವರಾಜನೂ ಆ ಕಟ್ಟೆಯ ಮೇಲೆ ಕೂತು, ಎರಡು ಸಲ ಚಾ ಕುಡಿದೆವು. ಅವರಿಬ್ಬರ ಮಾತು ಮುಗಿಯುವ ಲಕ್ಷಣವೇ ಕಾಣಲಿಲ್ಲ.

ನಿಮ್ಮ ಮನೆಯಲ್ಲಿರುವ ಹಳೆಯ ವಸ್ತುವಿಗೆ ಬಣ್ಣ ಬಳಿಸುವ ಮೊದಲು, ಅದನ್ನು ಬಳಸಿದವರಿಗೆ ಒಮ್ಮೆ ತೋರಿಸಿದ್ದೀರಾ?