ಬೆವರಿನ ಲೆಕ್ಕ ಹಿಡಿದ ದಾಕ್ಷಾಯಿಣಿ ಸಿಸ್ಟರ್

ಗೋಕಾಕದ ಆ ಖಾಸಗಿ ದವಾಖಾನೆಯಲ್ಲಿ ದಾಕ್ಷಾಯಿಣಿ ಸಿಸ್ಟರ್ ಕೆಮ್ಮಿದರೆ ಸಾಕು, ಕಸ ಗುಡಿಸುವ ಆಯಾ ಕೂಡ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದಳು. ಇಪ್ಪತ್ತೆರಡು ವರ್ಷದ ಸರ್ವಿಸು. ಮುತ್ತು ಪೋಣಿಸಿದಂಥ ಅಕ್ಷರ. ಮೂಗಿನ ತುದಿಯಲ್ಲಿ ಸಿಟ್ಟು. ದಿನಾ ಮೂಡಲಗಿಯಿಂದ ಮೊದಲ ಬಸ್ಸು ಹಿಡಿದು ಬರುವಷ್ಟರಲ್ಲಿ ಕಂಡಕ್ಟರನಿಗೆ ಒಂದು ಸಲ, ಕಿಟಕಿ ಮುಚ್ಚದವರಿಗೆ ಒಂದು ಸಲ ಆ ಸಿಟ್ಟಿನ ಪ್ರಸಾದ ಸಿಗುತ್ತಿತ್ತು. ಉಳಿದದ್ದೆಲ್ಲ ನರ್ಸಿಂಗ್ ಕಲಿಯುವ ಹುಡುಗಿಯರ ಪಾಲಿಗೆ. ತನ್ನ ಸಿಟ್ಟನ್ನು ಅವಳು ಶಿಸ್ತು ಎಂದು ಕರೆದುಕೊಂಡಿದ್ದಳು. ಬೇರೆ ಹೆಸರಿಡುವ ಧೈರ್ಯ ಯಾರಿಗಿತ್ತು!

ಅವಳ ದೊಡ್ಡ ಹೆಮ್ಮೆ ನೀರಿನ ಲೆಕ್ಕದ ಚಾರ್ಟು. ರೋಗಿಯ ಹೊಟ್ಟೆಗೆ ಹೋದ ನೀರು, ಗಂಜಿ, ಚಹಾ, ರಕ್ತನಾಳಕ್ಕೆ ಹೋದ ಸಲೈನು ಒಂದು ಕಡೆ. ಮೂತ್ರ, ವಾಂತಿ, ಭೇದಿ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ಕಳೆದರೆ ಮೈಯಲ್ಲಿ ನೀರು ಉಳಿಯಿತೋ ಒಣಗಿತೋ ಗೊತ್ತಾಗುತ್ತದೆ. ಇಷ್ಟನ್ನು ಯಾರಾದರೂ ಕಲಿಸುತ್ತಾರೆ. ದಾಕ್ಷಾಯಿಣಿ ಅಷ್ಟಕ್ಕೇ ಬಿಡುವವಳಲ್ಲ. “ಉಸಿರಿನ್ಯಾಗ, ಬೆವರಿನ್ಯಾಗ ದಿನಾ ಅರ್ಧ ಲೀಟರ್ ಹೋಗತೈತಿ. ಅದನ್ನ ಯಾರ ಬರೀತಾರ? ನಾ ಬರೀತೇನಿ. ಬೆವರಿನ ಲೆಕ್ಕ ಹಿಡದಾಕಿ ನಾನು!” ಎಂದು ಪ್ರತಿ ಬ್ಯಾಚಿನ ಮುಂದೆ ಎದೆ ಸೆಟೆಸಿ ಹೇಳುತ್ತಿದ್ದಳು. ಈಗ ಆ ಮಾತು ನೆನಪಾದರೆ ಮುಸುಕು ಹಾಕಿಕೊಂಡು ಮಲಗಬೇಕು ಅನಿಸುತ್ತದಂತೆ, ಅವಳೇ ಹೇಳುತ್ತಾಳೆ.

ಹೋದ ಶ್ರಾವಣದಲ್ಲಿ ನಾಗನೂರಿನಿಂದ ದುಂಡವ್ವ ಎಂಬ ಮುದುಕಿ ವಾಂತಿಭೇದಿಯಾಗಿ ಬಂದಳು. ಕುರುಬರ ಮನೆಯ ಗಟ್ಟಿ ಜೀವ, ಆದರೆ ಹೃದಯ ಮಾತ್ರ ಮೆತ್ತಗೆ. ಬಂದಾಗ ಬಾಯಿ ಒಣಗಿ, ಕಣ್ಣು ಗುಳಿಬಿದ್ದಿದ್ದವು. ಎರಡು ದಿನ ಸಲೈನು ಹೋದಮೇಲೆ ಗಂಡನನ್ನು ಬಯ್ಯುವಷ್ಟು ಚೇತರಿಸಿಕೊಂಡಳು. ಮೂರನೆಯ ದಿನ ಡಾಕ್ಟರು, “ಇನ್ನು ಸಲೈನು ಕಡಿಮೆ ಮಾಡಿ. ಇವರ ಹೃದಯ ಹೆಚ್ಚಿನ ನೀರು ತಡಕೊಳ್ಳೋದಿಲ್ಲ. ಲೆಕ್ಕ ಸರಿಯಾಗಿ ಇಡಿ” ಎಂದು ದಾಕ್ಷಾಯಿಣಿಗೆ ಹೇಳಿ ಹೋದರು. ಲೆಕ್ಕ ಸರಿಯಾಗಿ ಇಡಿ ಎಂದು ಅವಳಿಗೆ ಹೇಳುವುದೇ? ಅವಳಿಗೆ ಅರ್ಧ ದಿನ ಸಿಟ್ಟು ಇಳಿಯಲಿಲ್ಲ.

ದುಂಡವ್ವನಿಗೆ ಇನ್ನೂ ಕಾಲು ಊರಲು ಆಗುತ್ತಿರಲಿಲ್ಲ. ಅದಕ್ಕೇ ದಿನಾ ತೂಕ ನೋಡಬೇಕೆಂಬ ಕಡೆ ದಾಕ್ಷಾಯಿಣಿ ‘ನಿಲ್ಲಲಾಗದು’ ಎಂದು ಚೆಂದಾಗಿ ಬರೆದು ಕೈತೊಳೆದುಕೊಂಡಿದ್ದಳು. ಬಚ್ಚಲಿಗೆ ಹೋಗಬೇಕಾದಾಗಲೆಲ್ಲ ಗಂಡ ಮಾಲಿಂಗನೇ ಮುದುಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗುತ್ತಿದ್ದ. ಜೀವಮಾನವೆಲ್ಲ ಸಂತೆಯಲ್ಲಿ ಕುರಿ ಎತ್ತಿನೋಡಿ ಇಷ್ಟು ಕಿಲೋ ಎಂದು ಹೇಳಿದ ಕೈ ಅದು.

ಆರನೆಯ ದಿನ ಮುಗಿದು ಏಳನೆಯ ದಿನದ ಬೆಳಿಗ್ಗೆ ಮಾಲಿಂಗ ಹೆಂಡತಿಯನ್ನು ಹಾಸಿಗೆಗೆ ಇಳಿಸಿ, ದಾಕ್ಷಾಯಿಣಿಯ ಮೇಜಿನ ಹತ್ತಿರ ಬಂದು ನಿಂತ.

“ಅಕ್ಕಾರ, ಇಕಿ ಭಾರ ಆಗ್ಯಾಳ್ರಿ.”

“ಎತ್ತಿ ಎತ್ತಿ ನಿಮ್ಮ ಕೈ ಸೋತಾವ ಕಾಕಾ.”

“ಕೈ ಸೋತಿಲ್ರಿ. ನಾಕ ದಿನದ ಹಿಂದಕಿನ್ನ ಎರಡ ಕಿಲೋ ಹೆಚ್ಚ ಅದಾಳ. ಉಣ್ಣೂದು ನೋಡಿದ್ರ ನಾಕ ಚಮಚ ಗಂಜಿ. ಮೈ ಎಲ್ಲಿಂದ ಬರತೈತ್ರಿ?”

“ಏ, ನನ್ನ ಕುರಿ ಮಾಡಿ ಕುಂತಾನ ನೋಡ್ರಿ ಇಂವಾ!” ಎಂದು ಹಾಸಿಗೆಯಿಂದಲೇ ದುಂಡವ್ವ ಕೂಗಿದಳು. ಕೂಗಿದ್ದಕ್ಕೇ ಅವಳಿಗೆ ಏದುಸಿರು ಬಂತು. ದಾಕ್ಷಾಯಿಣಿ ಅದನ್ನು ಗಮನಿಸಲಿಲ್ಲ, ನಗುವುದರಲ್ಲಿದ್ದಳು.

“ಕಾಕಾ, ಇದು ಸಂತಿ ಅಲ್ಲ, ದವಾಖಾನಿ. ಇಲ್ಲಿ ಕೈ ನಡಿಯೂದಿಲ್ಲ, ಚಾರ್ಟ್ ನಡೀತೈತಿ. ನೋಡ್ರಿಲ್ಲೆ, ಹನಿ ಹನಿ ಲೆಕ್ಕ ಐತಿ. ಒಳಗ ಹೋದದ್ದು, ಹೊರಗ ಬಂದದ್ದು ಸಮಾ ಸಮಾ.” ಕನ್ನಡ ಓದಲು ಬಾರದವನ ಮುಂದೆ ಇಂಗ್ಲಿಷ್ ಚಾರ್ಟು ಹಿಡಿದಳು ಪುಣ್ಯಾತ್ಗಿತ್ತಿ! ಮಾಲಿಂಗ ಅದನ್ನು ಮರ್ಯಾದೆಯಿಂದ ನೋಡಿ, ತನ್ನ ಅಂಗೈಯನ್ನೂ ಒಮ್ಮೆ ನೋಡಿಕೊಂಡು ಹೋದ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ದುಂಡವ್ವನಿಗೆ ಅಂಗಾತ ಮಲಗಲು ಆಗಲಿಲ್ಲ. ಎದ್ದು ಕೂತರೂ ಉಸಿರು ಸಾಲದು. ದಾಕ್ಷಾಯಿಣಿ ಓಡಿಹೋಗಿ ಅವಳ ಪಾದದ ಮೇಲೆ ಹೆಬ್ಬೆರಳು ಒತ್ತಿದಳು. ಒತ್ತಿದ ಗುಳಿ ಹಾಗೆಯೇ ಉಳಿಯಿತು. ಮೈಯಲ್ಲಿ ನೀರು ತುಂಬಿದೆ, ಪುಪ್ಪಸಕ್ಕೂ ಏರುತ್ತಿದೆ. ಆದರೆ ಎಲ್ಲಿಂದ ಬಂತು? ಸಲೈನು ನಿಲ್ಲಿಸಿ, ಆಕ್ಸಿಜನ್ ಹಚ್ಚಿ, ಡಾಕ್ಟರಿಗೆ ಹೇಳಿಕಳಿಸಿ, ಚಾರ್ಟು ತೆಗೆದು ಮತ್ತೆ ಕೂಡಿಸಿದಳು. ಸಮ. ಮತ್ತೊಮ್ಮೆ ಕೂಡಿಸಿದಳು. ಹಾಳಾದ್ದು ಮತ್ತೂ ಸಮ! ಮಾಲಿಂಗನೇ ಕದ್ದು ನೀರು ಕುಡಿಸಿರಬೇಕು ಎಂದು ಅವನ ಕಡೆ ಕೆಂಗಣ್ಣು ಬಿಟ್ಟಳು.

ಆಗ ಕಸ್ತೂರಿ ಎಂಬ ಎರಡನೆಯ ವರ್ಷದ ಹುಡುಗಿ, ರಕ್ತನಾಳಕ್ಕೆ ಹನಿಸಿ ಖಾಲಿಯಾದ ಸಣ್ಣ ಬಾಟಲಿಯೊಂದನ್ನು ಕೈಯಲ್ಲಿ ಹಿಡಿದು ಕೇಳಿದಳು: “ಮೇಡಂ, ಈ ಆ್ಯಂಟಿಬಯಾಟಿಕ್ ಎಲ್ಲಿ ಬರೀಲ್ರಿ?”

“ಎಷ್ಟ ಸಲ ಹೇಳಬೇಕ ನಿನಗ? ಸಲೈನ್ ಅಂದ್ರ ಸಲೈನ್, ಔಷಧ ಅಂದ್ರ ಔಷಧ. ಔಷಧದ ಕಾಲಮ್ಮಿನ್ಯಾಗ...”

ಮಾತು ಅಲ್ಲಿಗೇ ನಿಂತಿತು. ಬಾಟಲಿಯ ಮೇಲೆ ನೂರು ಮಿಲಿ ಎಂದು ಅಚ್ಚಾಗಿತ್ತು. ಅಂಥವು ದಿನಕ್ಕೆ ಐದು. ಸಲೈನು ಕಡಿಮೆ ಮಾಡಿ ನಾಲ್ಕು ದಿನ. ಎರಡು ಲೀಟರ್. ಎರಡು ಲೀಟರ್ ಎಂದರೆ ಎರಡು ಕಿಲೋ. ಕಣ್ಣಿಗೆ ಕಾಣದ ಬೆವರಿನ ಲೆಕ್ಕ ಹಿಡಿದ ಮಹಾತಾಯಿ, ಕಣ್ಣೆದುರೇ ತೂಗುಬಿದ್ದ ಬಾಟಲಿಗಳನ್ನು ಔಷಧ ಎಂದು ಬೇರೆ ಕಾಲಮ್ಮಿಗೆ ತಳ್ಳಿ ಮರೆತಿದ್ದಳು. ಅಷ್ಟೇ ಅಲ್ಲ. ಚಾರ್ಟಿನ ಮೂರನೆಯ ದಿನದ ಸಾಲಿನಲ್ಲಿ, ಅವಳ ಮುತ್ತಿನಂಥ ಅಕ್ಷರದ ಕೆಳಗೆ, ಪೆನ್ಸಿಲಿನಲ್ಲಿ ನೂರು, ನೂರು ಎಂದು ಬರೆದು ಅಳಿಸಿದ ಗುರುತು ಇತ್ತು. ಬರೆದವಳು ಕಸ್ತೂರಿ. “ಚಾರ್ಟ್ ಹೊಲಸ ಮಾಡಬ್ಯಾಡ” ಎಂದು ರಬ್ಬರು ತಿಕ್ಕಿದವಳು ಯಾರೆಂದು ಬೇರೆ ಹೇಳಬೇಕೇ?

ಡಾಕ್ಟರು ಬಂದರು. “ಚಾರ್ಟು ಸಮ ಇದೆಯಲ್ಲ ಸಿಸ್ಟರ್?” ಎಂದು ಹುಬ್ಬುಗಂಟಿಕ್ಕಿದರು. ಆ ಒಂದು ಗಳಿಗೆಯಲ್ಲಿ ದಾಕ್ಷಾಯಿಣಿಯ ತಲೆಯಲ್ಲಿ ಏನೇನು ಬರಲಿಲ್ಲ! ಹುಡುಗಿಯರ ಮೇಲೆ ಹಾಕಬಹುದಿತ್ತು. ಹುಡುಗಿಯರು ಇರುವುದೇ ಅದಕ್ಕೆ ಎಂಬಂತೆ ಎಷ್ಟೋ ಸಲ ಹಾಕಿಯೂ ಇದ್ದಳು. ಆದರೆ ಮುದುಕಿ ಮಂಚದ ಪಟ್ಟಿ ಹಿಡಿದು, ಬಾಯಿ ತೆರೆದು, ಅವಳನ್ನೇ ನೋಡುತ್ತಿದ್ದಳು.

“ಸಮಾ ಇಲ್ರಿ ಸರ್. ಸಣ್ಣ ಬಾಟಲಿ ನಾ ಹಿಡದಿಲ್ಲ. ಎರಡ ಲೀಟರ್ ಹೆಚ್ಚ ಹೋಗೇತಿ. ನಂದ ತಪ್ಪು.”

ನೀರು ಇಳಿಸುವ ಇಂಜೆಕ್ಷನ್ ಬಿತ್ತು, ಮೂತ್ರಕ್ಕೆ ನಳಿಕೆ ಹಾಕಿ ಚೀಲ ಕಟ್ಟಿದರು. ದಾಕ್ಷಾಯಿಣಿ ಆ ದಿನ ಮೂಡಲಗಿಯ ಬಸ್ಸು ಹತ್ತಲಿಲ್ಲ. ಮಂಚದ ಬಾಜೂಕ ಸ್ಟೂಲು ಹಾಕಿಕೊಂಡು ಮೂತ್ರದ ಚೀಲವನ್ನೇ ದೇವರ ಹಾಗೆ ನೋಡುತ್ತ ಕೂತಳು. ಚೀಲ ತುಂಬಿದ ಹಾಗೆ ದುಂಡವ್ವನ ಉಸಿರು ನಿಧಾನವಾಗಿ ಹದಕ್ಕೆ ಬಂತು. ಸಂಜೆ ದಿಂಬಿಗೆ ಒರಗಿ, “ಈ ಅಕ್ಕಗ ಮನಿ ಮಠ ಇಲ್ಲೇನ?” ಎಂದು ಗಂಡನನ್ನು ಕೇಳಿದಳು. ದಾಕ್ಷಾಯಿಣಿಗೆ ಅಳು ಬಂತು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡಳು. ಮರುದಿನ ಬೆಳಿಗ್ಗೆ ಮಾಲಿಂಗ ಹೆಂಡತಿಯನ್ನು ಎತ್ತಿ, “ಹಗುರಾದ್ಳ್ರಿ” ಎಂದ. ದಾಕ್ಷಾಯಿಣಿ ಅವನ ಮಾತನ್ನು ಚಾರ್ಟಿನಲ್ಲಿ ಬರೆದುಕೊಂಡು, ಆಮೇಲೆ ಇಬ್ಬರು ಸೇರಿ ಹಿಡಿದು ನಿಲ್ಲಿಸಿ ತೂಕವನ್ನೂ ನೋಡಿದಳು. ಹಾಗೆ ಹಿಡಿದು ನಿಲ್ಲಿಸುವುದಕ್ಕೆ ಎರಡು ನಿಮಿಷವೂ ಆಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಅಂದು ಸಂಜೆ ಊರಿನ ಬಸ್ಸಿನಲ್ಲಿ ಕೂತಾಗ ಅವಳಿಗೆ ಹೊಸ ಹೆದರಿಕೆ ಹೊಕ್ಕಿತು. ಹನ್ನೆರಡು ಬ್ಯಾಚಿಗೆ ಇದನ್ನೇ ಕಲಿಸಿದ್ದಾಳೆ. ಆ ಹುಡುಗಿಯರು ಈಗ ಹುಕ್ಕೇರಿ, ಘೋಡಗೇರಿ, ಮೂಡಲಗಿ ಎಲ್ಲ ಕಡೆ ಇದ್ದಾರೆ. ಎಷ್ಟು ವಾರ್ಡುಗಳಲ್ಲಿ ಎಷ್ಟು ದುಂಡವ್ವರೋ! ಮನೆಗೆ ಹೋಗಿ ಚಪ್ಪಲಿಯನ್ನೂ ಬಿಡದೆ ಹುಕ್ಕೇರಿಯ ವಿಜಯಲಕ್ಷ್ಮಿಗೆ ಫೋನು ಹಚ್ಚಿದಳು. ಎಂಟು ವರ್ಷದ ಹಿಂದಿನ ವಿದ್ಯಾರ್ಥಿನಿ, ಈಗ ಅಲ್ಲೊಂದು ದವಾಖಾನೆಯಲ್ಲಿ ನರ್ಸು.

“ವಿಜಿ, ನಾ ನಿಮಗೊಂದು ತಪ್ಪ ಕಲಿಸೇನಿ. ಆ್ಯಂಟಿಬಯಾಟಿಕ್ ಬಾಟಲಿ...”

“ನೂರ ಎಂ.ಎಲ್. ಹಿಡೀಬೇಕು. ಗೊತ್ತೈತ್ರಿ ಮೇಡಂ.”

“ಗೊತ್ತೈತಿ?”

“ಕೆಲಸಕ್ಕ ಸೇರಿದ ಮೊದಲನೇ ವಾರದಾಗ ಇಲ್ಲೆ ತಿದ್ದಿದ್ರು. ಎಲ್ಲಾ ಬ್ಯಾಚಿನಾವ್ರಿಗೂ ಗೊತ್ತೈತ್ರಿ. ಹೊಸದಾಗಿ ಬಂದಾವ್ರಿಗೆ ನಾವ ಮೊದಲ ಅದನ್ನ ಹೇಳತೇವಿ.”

ದಾಕ್ಷಾಯಿಣಿ ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ಸುತ್ತಲಿನ ಊರುಗಳಲ್ಲೆಲ್ಲ ಲೆಕ್ಕ ಸರಿಯಾಗಿತ್ತು. ಅವಳ ವಾರ್ಡೊಂದರಲ್ಲಿ ಮಾತ್ರ ತಪ್ಪಿತ್ತು.

“ಮತ್ತ ಎಂಟ ವರ್ಷ ನನಗ ಯಾಕ ಹೇಳಲಿಲ್ಲವಾ?”

ವಿಜಯಲಕ್ಷ್ಮಿ ಬಹಳ ಮೆತ್ತಗೆ, ತುಂಬು ಪ್ರೀತಿಯಿಂದಲೇ ಕೇಳಿದಳು: “ನಿಮಗ ಯಾರ ಹೇಳಬೇಕ್ರಿ ಮೇಡಂ?”

ಮರುದಿನ ದಾಕ್ಷಾಯಿಣಿ ಅಂದಿನ ಚಾರ್ಟು ಬರೆದು ಕಸ್ತೂರಿಯ ಮುಂದೆ ಹಿಡಿದಳು. “ತಪ್ಪ ಇದ್ರ ಹೇಳು.”

“ಇಲ್ರಿ ಮೇಡಂ” ಎಂದಳು ಹುಡುಗಿ, ಚಾರ್ಟು ನೋಡದೆಯೇ.

“ನೋಡಿ ಹೇಳ ತಂಗಿ.”

ಕಸ್ತೂರಿ ನೋಡಿದಳು. ಬೆರಳು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿ ತಪ್ಪಿದ್ದ ಅಂಕಿಯೊಂದರ ಮೇಲೆ ಇಟ್ಟಳು. ದಾಕ್ಷಾಯಿಣಿಗೆ ಸಿಟ್ಟು ಬಂತು, ಹುಟ್ಟುಗುಣ ಎಲ್ಲಿ ಹೋಗುತ್ತದೆ! ಅದನ್ನು ನುಂಗಿಕೊಂಡು ಪೆನ್ನನ್ನು ಹುಡುಗಿಯ ಕೈಗೆ ಕೊಟ್ಟಳು.